ಒಣದ್ರಾಕ್ಷಿ ಮತ್ತು ಸಪ್ಪೆರಾಯ

ಊಟಕ್ಕೆ ಎಲೆ ಹಾಕುವ ಮೊದಲೇ ಗುಂಡಗೆ ಉಬ್ಬಿ ಪಾಯಸದ ಮೇಲೆ ಮೆರೆಯಬೇಕೆಂದು ಒಣದ್ರಾಕ್ಷಿಗೆ ಭಾರೀ ಆಸೆ.

"ಬಾರೋ ತಮ್ಮ, ನನ್ನೊಳಗೆ ಮುಳುಗು," ಎಂದಿತು ಬಟ್ಟಲ ನೀರು.

"ಹೋಗೋ ಸಪ್ಪೆರಾಯ! ಸಿಹಿಗೆ ಸಿಹಿಯೇ ನೆಂಟ," ಎಂದ ದ್ರಾಕ್ಷಿ ಬೆಲ್ಲದ ಗಟ್ಟಿ ಪಾಕಕ್ಕೆ ಹಾರಿತು. ಪಾಕವೋ ಸಿಪ್ಪೆ ದಾಟಿ ಒಳಗೆ ಬರಲೇ ಇಲ್ಲ. ದ್ರಾಕ್ಷಿಯಲ್ಲಿ ಉಳಿದಿದ್ದ ತೇವವನ್ನೂ ಹೊರಗೆಳೆದುಕೊಂಡಿತು.

"ಅಯ್ಯೋ, ಇದ್ದದ್ದೂ ಹೋಯಿತಲ್ಲಪ್ಪೋ!" ದ್ರಾಕ್ಷಿ ಎದ್ದುಬಿದ್ದು ನೀರಿಗೆ ಧುಮುಕಿತು. ನೀರು ಸಲೀಸಾಗಿ ಸಿಪ್ಪೆ ದಾಟಿ ಒಳಬಂತು.

"ನಿನ್ನೊಳಗಿನ ಸಿಹಿಯೇ ನನ್ನನ್ನು ಕರೆಯಿತು ಕಣೋ. ಪಾಕಕ್ಕೇ ನೀರಡಿಕೆ, ಅದು ನಿನಗೇನು ಕೊಟ್ಟೀತು?" ಎಂದಿತು ನೀರು.

ಉಬ್ಬಿದ ದ್ರಾಕ್ಷಿಯನ್ನು ಸೌಟು ಎತ್ತಿ ಪಾಯಸಕ್ಕೆ ಬಿಟ್ಟಿತು.

"ನೋಡ್ರೋ ನನ್ನ ಮೈಕಟ್ಟು!" ಎಂದು ತೇಲುತ್ತಾ ಕೂಗಿತು ದ್ರಾಕ್ಷಿ.

ಸೌಟು ನಕ್ಕಿತು: "ಮೈ ನಿನ್ನದೇ ಕಣಪ್ಪ, ಮೈತುಂಬ ಇರೋದು ಮಾತ್ರ ಸಪ್ಪೆರಾಯ!"