ಗೋಡೆಯ ಮೇಲಿಲ್ಲದ ಸೀರೆ

“ಬರೆಯದೆ ಬಿಟ್ಟದ್ದನ್ನು ಓದುವುದು ಹೇಗೆ, ಗುರುಗಳೇ?”

ಕೇಳಿದವನು ಚೆನ್ನಮಲ್ಲ. ಪರೀಕ್ಷೆಗೆ ಓದುತ್ತಿದ್ದ. ಎರಡು ಸಲ ಬರೆದು ಎರಡು ಸಲವೂ ಬಿದ್ದಿದ್ದ. ಅವನನ್ನು ಕೆಡವಿದ್ದು ಒಂದೇ ಬಗೆಯ ಪ್ರಶ್ನೆ. ಒಂದು ವಾದ ಕೊಟ್ಟಿರುತ್ತಾರೆ. ಅದರಲ್ಲಿ ಹೇಳದೆ ನಂಬಿಕೊಂಡದ್ದು ಯಾವುದು ಎಂದು ಕೇಳುತ್ತಾರೆ. ಅವನು ಹೇಳಿದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದ. ಹೇಳದ್ದು ಕಣ್ಣಿಗೆ ಬೀಳುತ್ತಿರಲಿಲ್ಲ.

“ಊರಿಗೆ ಹೋಗಿದ್ದೆಯಾ?” ಎಂದರು ಗುರುಗಳು.

“ಇಲ್ಲ. ಈ ಸಲ ಪಾಸಾಗಿಯೇ ಹೋಗುವುದು.”

“ನಿನ್ನನ್ನು ಸಾಕಿದ ಅಕ್ಕ ಹೇಗಿದ್ದಾಳೆ? ಹುಷಾರಿಲ್ಲ ಅಂದಿದ್ದೆ.”

“ಜಾಸ್ತಿಯಾದರೆ ಹೇಳಿ ಕಳಿಸುತ್ತೇನೆ ಅಂದಿದ್ದಳು. ಏನೂ ಸುದ್ದಿಯಿಲ್ಲ. ಚೆನ್ನಾಗಿಯೇ ಇರಬೇಕು. ಗುರುಗಳೇ, ನನ್ನ ಪ್ರಶ್ನೆ...”

“ಹೂಂ. ಕೂತುಕೋ” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಕುಂಬಾರ ಇದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಇಬ್ಬರೇ. ಬೇಸಿಗೆಯ ಕೊನೆ. ಮಳೆ ಬಂದು ಕೆರೆ ತುಂಬುವ ಮೊದಲು ವರ್ಷಕ್ಕಾಗುವಷ್ಟು ಮಣ್ಣು ತೆಗೆದಿಟ್ಟುಕೊಳ್ಳಬೇಕು. ಅಂಥ ಹೊತ್ತಿನಲ್ಲಿ ಹೆಂಡತಿಗೆ ಜ್ವರ ಬಂತು. ಕುಂಬಾರ ಗುದ್ದಲಿ ಮೂಲೆಗಿಟ್ಟು ಅವಳ ಪಕ್ಕ ಕೂತ.

“ನನ್ನ ಮುಖ ನೋಡ್ತಾ ಕೂತ್ರೆ ಮಡಕೆ ತಾನಾಗೇ ಆಗುತ್ತಾ?” ಎಂದಳು ಅವಳು. “ಇಪ್ಪತ್ತು ವರ್ಷ ನೋಡದೆ ಇದ್ದೋರಿಗೆ ಇವತ್ತೇನು ಹೊಸದಾಗಿ? ಹೋಗಿ, ಹೋಗಿ.”

“ನಿನಗೆ ಹೆಚ್ಚಾದ್ರೆ?”

“ಕೆಂಪು ಸೀರೆನ ಹಿತ್ತಿಲ ಗೋಡೆ ಮೇಲೆ ಹಾಕ್ತೀನಿ. ಕೆರೆಯಿಂದ ಕಾಣುತ್ತಲ್ಲ. ಕಂಡ್ರೆ ಓಡಿ ಬನ್ನಿ.”

ಮಾತು ಸರಿ ಎನಿಸಿತು. ಅವಳ ತಲೆಯ ಹತ್ತಿರ ತಂಬಿಗೆಯಲ್ಲಿ ನೀರಿಟ್ಟು ಹೋದ.

ಒಂದೊಂದು ಬುಟ್ಟಿ ತುಂಬಿದಾಗಲೂ ತಲೆ ಎತ್ತಿ ನೋಡಿದ. ಗೋಡೆ ಬರಿದಾಗಿತ್ತು. ಪಕ್ಕದಲ್ಲಿ ಅಗೆಯುತ್ತಿದ್ದವನು, “ಒಂದ್ಸಲ ಮನೆಗೆ ಹೋಗಿ ಬಾರಯ್ಯ” ಎಂದ.

“ಹೆಚ್ಚಾಗಿದ್ರೆ ಸೀರೆ ಹಾಕಿರೋಳು. ಹಾಕಿಲ್ಲ. ಆರಾಮಾಗಿದ್ದಾಳೆ” ಎಂದ ಕುಂಬಾರ.

ಮಧ್ಯಾಹ್ನ ನೋಡಿದ. ಗೋಡೆ ಬರಿದು. ಅವನಿಗೆ ಸಮಾಧಾನವಾಯಿತು. ಹೊತ್ತು ಇಳಿದ ಮೇಲೂ ಇನ್ನೆರಡು ಬುಟ್ಟಿ ಹೆಚ್ಚಿಗೆ ತೆಗೆದ.

ಮನೆಗೆ ಬಂದ. ತಂಬಿಗೆಯ ನೀರು ಇಟ್ಟ ಹಾಗೇ ಇತ್ತು. ಚಾಪೆಯ ಮೇಲೆ ಅವಳಿರಲಿಲ್ಲ. ಹಿತ್ತಿಲ ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದಳು. ಕೈಯಲ್ಲಿ ಕೆಂಪು ಸೀರೆ ಇತ್ತು. ಕೈ ತಣ್ಣಗಾಗಿ ಬಹಳ ಹೊತ್ತಾಗಿತ್ತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. “ಕುಂಬಾರನ ಮಾತಿನಲ್ಲಿ ತಪ್ಪೆಲ್ಲಿ?” ಎಂದು ಕೇಳಿದರು.

ಚೆನ್ನಮಲ್ಲ ಬೆರಳು ಮಡಿಚುತ್ತ ಹೇಳಿಕೊಂಡ. ಹೆಚ್ಚಾದರೆ ಸೀರೆ ಹಾಕುತ್ತಾಳೆ. ಸೀರೆ ಇಲ್ಲ. ಆದ್ದರಿಂದ ಹೆಚ್ಚಾಗಿಲ್ಲ.

“ಹೇಳಿದ್ದರಲ್ಲಿ ತಪ್ಪು ಕಾಣುವುದಿಲ್ಲ” ಎಂದ. ಮಡಿಚಿದ ಬೆರಳನ್ನೇ ನೋಡುತ್ತ ಕೂತ. ಆಮೇಲೆ ಮೆಲ್ಲಗೆ ಹೇಳಿದ: “ಎಷ್ಟೇ ಹೆಚ್ಚಾದರೂ ಎದ್ದು ಗೋಡೆಯ ತನಕ ಹೋಗುವ ಶಕ್ತಿ ಅವಳಿಗೆ ಇರುತ್ತದೆ ಎಂದುಕೊಂಡ.”

“ಹಾಗೆಂದು ಯಾರು ಹೇಳಿದ್ದರು?”

“ಯಾರೂ ಹೇಳಿರಲಿಲ್ಲ.”

“ಅದನ್ನು ತೆಗೆದುಬಿಡು. ಅವನ ವಾದ ಉಳಿಯುತ್ತದೆಯೇ?”

“ಇಲ್ಲ. ಬರಿದಾದ ಗೋಡೆಯಿಂದ ಏನೂ ತಿಳಿಯುವುದಿಲ್ಲ.”

ಹೇಳುತ್ತಿದ್ದಂತೆ ಚೆನ್ನಮಲ್ಲನ ಮುಖ ಅರಳಿತು. ಯಾವುದನ್ನು ತೆಗೆದರೆ ವಾದ ಬೀಳುತ್ತದೋ, ಹೇಳದೆ ಬಿಟ್ಟದ್ದು ಅದೇ. ಎರಡು ವರ್ಷ ಸಿಗದಿದ್ದದ್ದು ಸಿಕ್ಕಿತ್ತು.

“ಇನ್ನು ಈ ಪ್ರಶ್ನೆ ನನ್ನನ್ನು ಕೆಡವುವುದಿಲ್ಲ, ಗುರುಗಳೇ. ಕಂಡ ಕೂಡಲೇ ಹಿಡಿಯುತ್ತೇನೆ” ಎಂದು ಪುಸ್ತಕ ತೆರೆದ.

ಗುರುಗಳು ಕೇಳಿದರು: “ಅಕ್ಕನಿಂದ ಸುದ್ದಿಯಿಲ್ಲದೆ ಎಷ್ಟು ದಿನವಾಯಿತು?”