ಕರಿ ಬೆಲ್ಟಿನವರ ಮೊದಲ ಕೆಲಸ

ದೋಜಿ... ದೋಜಾ... ಹಾಂ, ದೋಜೋ ಅಂತ ಬರೆದುಕೋ, ಪುಟ್ಟಿ. ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಪದವೂ ಬಾಯಿಗೆ ಬರುವುದಿಲ್ಲ. ಗದಗಿನ ಶಾಲೆಯೊಂದರ ಹಾಲ್‌ನಲ್ಲಿ ಕರಾಟೆ ಕಲಿಸುತ್ತಿದ್ದ ಮಾಸ್ತರರೊಬ್ಬರು ಆ ಜಾಗವನ್ನು ಹಾಗೆ ಕರೆಯುತ್ತಿದ್ದರು. ಮುಷ್ಟಿ ಎದುರಾಳಿಯ ಮೂಗಿಗೆ ತಾಕುವ ಮೊದಲೇ ನಿಲ್ಲಬೇಕು, ಅದೇ ವಿದ್ಯೆ ಎನ್ನುತ್ತಿದ್ದರು.

ಒಂದು ದಿನ ಮಕ್ಕಳಿಗೆ ಕ್ಲಾಸು ನಡೆಯುತ್ತಿದ್ದಾಗ ಶಾಲೆಯ ಅಧ್ಯಕ್ಷರು ಬಂದರು. ಅವರ ಮಗಳು ಕ್ಲಾಸಿಗೆ ಸೇರಿ ಮೂರೇ ತಿಂಗಳಾಗಿತ್ತು.

“ರವಿವಾರ ನನ್ನ ಸನ್ಮಾನ ಐತಿ, ಮಂತ್ರಿಗಳು ಬರ್ತಾರ. ವೇದಿಕೆ ಮ್ಯಾಲ ಮಗಳಿಗೆ ಕರಿ ಬೆಲ್ಟ್ ಕಟ್ರಿ. ಇಲ್ಲಾಂದ್ರ ಹಾಲ್ ಖಾಲಿ ಮಾಡ್ರಿ.”

ಮಾಸ್ತರರು ಬಾಗಿ ವಂದಿಸಿದರು. “ಕಟ್ತೇನ್ರಿ ಸಾಹೇಬ್ರ. ಆದ್ರ ನಮ್ಮ ಪದ್ಧತಿ ಒಂದೈತಿ. ಕರಿ ಬೆಲ್ಟಿನವ್ರು ಮೊದಲ ಎಲ್ಲಾರ ಮುಂದ ನೆಲಾ ಒರಸಬೇಕು. ನಾನೂ ದಿನಾ ಒರಸ್ತೇನ್ರಿ. ನಿಮ್ಮ ಮಗಳು ಮಂತ್ರಿಗಳ ಕುರ್ಚಿ ಕೆಳಗಿಂದ ಶುರು ಮಾಡ್ಲಿ.”

ಅಧ್ಯಕ್ಷರ ಮುಖ ಕೆಂಪಾಯಿತು. “ನನ್ನ ಮಗಳು ಮಂದಿ ಮುಂದ ನೆಲಾ ಒರಸೂ ಅರಿವಿ ಹಿಡಿಯೂದಾ? ನಿಮ್ಮ ಬೆಲ್ಟೂ ಬ್ಯಾಡ, ಕ್ಲಾಸೂ ಬ್ಯಾಡ!”

ಮಕ್ಕಳು ಬಿದ್ದು ಬಿದ್ದು ನಕ್ಕರು. ಬೆಲ್ಟ್ ಬೇಡವೆಂದು ತಾವೇ ಕೂಗಿದ ಮೇಲೆ ಅಧ್ಯಕ್ಷರಿಗೆ ಹಾಲ್ ಖಾಲಿ ಮಾಡಿಸಲು ನೆಪ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ತರರು ಒಬ್ಬರೇ ನೆಲ ಒರೆಸಿದರು. ಮೂರು ತಿಂಗಳಿಂದ ಯಾರೂ ಹೇಳದೆ ಎಲ್ಲರಿಗಿಂತ ಮುಂಚೆ ಬಂದು, ಇನ್ನೊಂದು ಅರಿವೆ ಹಿಡಿದು ಅವರ ಪಕ್ಕದಲ್ಲಿ ಒರೆಸುತ್ತಿದ್ದವಳು ಆ ಹುಡುಗಿಯೇ. ಮುಷ್ಟಿಯನ್ನು ನಿಲ್ಲಿಸಬಲ್ಲ ಮಾಸ್ತರರಿಗೆ ಅಧ್ಯಕ್ಷರ ಮುಂದೆ ಮಾತನ್ನು ನಿಲ್ಲಿಸಲು ಆಗಲಿಲ್ಲ. ಪೆಟ್ಟು ಅವಳಿಗೆ ಬಿದ್ದಿತ್ತು, ಅವಳ ಕ್ಲಾಸು ತಪ್ಪಿತ್ತು. ಇನ್ನೊಂದು ಅರಿವೆಯನ್ನು ಅವರು ಬಹಳ ದಿನ ಗೂಟದಿಂದ ತೆಗೆಯಲಿಲ್ಲ.

ಅವಳ ಹೆಸರು ನೀಲಾಂಬಿಕಾ. ಬರೆದುಕೋ, ಪುಟ್ಟಿ. ಮಾಸ್ತರರ ಹೆಸರು ಬೇಡ, ಅದು ನನ್ನದೇ.