ತಂಬಿಗೆ ಹಾಕಿದ ಸುರಗಿ ನೀರು

ಮದುವೆಮನೆಗಳಲ್ಲಿ ಮದುಮಕ್ಕಳನ್ನು ಮೀಯಿಸುವ ಸುರಗಿ ನೀರು ಹಾಕಿ ಹಾಕಿ ಸವೆದಿದ್ದ ಹಿತ್ತಾಳೆಯ ತಂಬಿಗೆ ಕೊನೆಗೆ ಹಿತ್ತಲು ಸೇರಿ, ಕುಂಡದ ಸೇವಂತಿಗೆಗೆ ನೀರು ಹಾಕುವ ಕೆಲಸ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಸೇವಂತಿಗೆಯ ಎಲೆಗಳು ಹಳದಿಯಾಗಿದ್ದವು.

“ನನ್ನ ಮಗಳಿಗೆ ಅರಿಶಿನ ಹಚ್ಚಿದ್ದಾರೆ” ಎಂದು ತಂಬಿಗೆ ಹಿಗ್ಗಿತು. “ಅರಿಶಿನವಾದ ಮೇಲೆ ಮದುಮಗಳಿಗೆ ಸುರಗಿ ನೀರು ಬೀಳಲೇಬೇಕು.” ಅಂದಿನಿಂದ ಅದು ಹೊತ್ತು ಗೊತ್ತಿಲ್ಲದೆ ನೀರು ಸುರಿಯಿತು. ಎಲೆ ಹಳದಿಯಾದಷ್ಟೂ ಅದರ ಸಡಗರ ಹೆಚ್ಚಿತು.

ಕಡೆಗೊಂದು ದಿನ ಕುಂಡದ ಮಣ್ಣಿನಿಂದ ಎರೆಹುಳು ಏದುಸಿರು ಬಿಡುತ್ತ ಮೇಲೆ ಬಂತು. “ನಿಲ್ಲಿಸು ತಾಯಿ. ತಳದ ತೂತು ಕಟ್ಟಿಕೊಂಡು ಒಳಗೆ ಬೇರು ಕೊಳೆಯುತ್ತಿದೆ. ನೀನು ಹಾಕುತ್ತಿರುವುದು ಸುರಗಿ ನೀರಲ್ಲ, ಸಾಯುವವರ ಬಾಯಿಗೆ ಬಿಡುವ ನೀರು.”

ಬಾಗಿದ್ದ ತಂಬಿಗೆ ಥಟ್ಟನೆ ನೆಟ್ಟಗಾಯಿತು. ಎರೆಹುಳು ಕೆಳಗಿಳಿದು ತೂತು ಬಿಡಿಸಿದಾಗ ನಾರುವ ಕಪ್ಪು ನೀರು ಹೊರಗೆ ಹರಿಯಿತು. “ಮಣ್ಣು ಒಣಗುವ ತನಕ ಈ ಕಡೆ ಬರಬೇಡ” ಎಂದಿತು ಅದು.

“ನನಗೆ ಒಂದು ಮಾತು ಹೇಳಬಾರದಿತ್ತೇನೇ?” ಎಂದು ತಂಬಿಗೆ ಸೇವಂತಿಗೆಯನ್ನು ಕೇಳಿತು.

ಸೇವಂತಿಗೆ ಹೇಳಿತು: “ನಾನು ಬಾಯಿ ತೆರೆದಾಗಲೆಲ್ಲ ನೀನು ನೀರು ಹೊಯ್ದೆ, ಅವ್ವ.”